ವಿ-2 ರಾಕೆಟ್ ಮಾದರಿ: ಮೊದಲು ಯಾವ ದಿನದ್ದು ಅಂತ ತೀರ್ಮಾನಿಸಿ

ವಿ-2 ಅಂದರೆ ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಊರುಗಳ ಮೇಲೆ ಹಾರಿಸಿದ ರಾಕೆಟ್. ಅದರ ಮಾದರಿ ಕಟ್ಟುವ ಕಿಟ್‌ನ ಡಬ್ಬಿ ತೆರೆದರೆ ಒಳಗೆ ಅಂಥಾ ದೊಡ್ಡ ಸಾಮಾನೇನೂ ಇರುವುದಿಲ್ಲ. ಮೈಯ ಎರಡು ಹೋಳು, ನಾಲ್ಕು ರೆಕ್ಕೆ, ಬಾಲದ ಕೆಳಗಿನ ಸಣ್ಣಪುಟ್ಟ ತುಂಡುಗಳು, ನಿಲ್ಲಿಸಲು ಒಂದು ಪೀಠ. ಯುದ್ಧವಿಮಾನ ಕಟ್ಟಿ ಕೈ ಪಳಗಿದವರಿಗೆ ಇದೊಂದು ಸಂಜೆಯ ಕೆಲಸ ಅನ್ನಿಸಬಹುದು. ಆದರೆ ಭಾಗ ಕಡಿಮೆಯಾದಷ್ಟೂ ಮುಚ್ಚಿಡಲು ಜಾಗವೂ ಕಡಿಮೆ. ವಿಮಾನದಲ್ಲಿ ಜೋಡಣೆ ಸ್ವಲ್ಪ ಒರಟಾದರೂ ಚಕ್ರದ ಹಿಂದೆಯೋ ರೆಕ್ಕೆಯ ಕೆಳಗೋ ಅಡಗಿಬಿಡುತ್ತದೆ. ಉರುಟಾದ, ನುಣುಪಾದ ಮೈಯಲ್ಲಿ ಎಲ್ಲಿ ಅಡಗಬೇಕು?

ಅಂಟು ಮುಟ್ಟುವ ಮೊದಲು ನಾನು ತೀರ್ಮಾನಿಸಿದ್ದು ಒಂದೇ ವಿಷಯ: ಇದು ಯಾವ ದಿನದ ರಾಕೆಟ್? ಬಣ್ಣ, ಕಲೆ, ಪೀಠ, ಸುತ್ತಲಿನ ನೆಲ, ಎಲ್ಲವೂ ಅದರ ಮೇಲೆ ನಿಂತಿದೆ.

ವಿ-2 ಅಂದ ತಕ್ಷಣ ಎಲ್ಲರ ಕಣ್ಣಿಗೆ ಬರುವುದು ಕಪ್ಪು ಬಿಳುಪಿನ ಚೌಕಗಳು. ಅದು ಪರೀಕ್ಷೆಯ ಬಣ್ಣ. ಹಾರುವಾಗ ರಾಕೆಟ್ ತನ್ನ ಸುತ್ತ ಎಷ್ಟು ತಿರುಗುತ್ತಿದೆ ಅಂತ ಕ್ಯಾಮೆರಾದಲ್ಲಿ ನೋಡಲು ಹಾಗೆ ಬಳಿಯುತ್ತಿದ್ದರು. 1942ರ ಅಕ್ಟೋಬರ್ 3ರಂದು ಜರ್ಮನಿಯ ಪೇನೆಮುಂಡೆಯಿಂದ ಮೊದಲ ಬಾರಿ ಸರಿಯಾಗಿ ಹಾರಿದ ರಾಕೆಟ್‌ಗೂ ಇದೇ ಬಣ್ಣ ಇತ್ತು. ವಾಷಿಂಗ್ಟನ್ನಿನ ರಾಷ್ಟ್ರೀಯ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದ ವಿ-2ಗೂ ಆ ದಿನದ ಬಣ್ಣವನ್ನೇ ಬಳಿದಿದ್ದಾರೆ. ಊರುಗಳ ಮೇಲೆ ಬಿದ್ದ ರಾಕೆಟ್‌ಗಳು ಹೀಗಿರಲಿಲ್ಲ. ಅವು ಮರಗಳ ಮಧ್ಯೆ ಅಡಗಬೇಕಿತ್ತು, ಹಾಗಾಗಿ ಹಸಿರು ಬಳಿಯುತ್ತಿದ್ದರು. ಚೌಕದ ಬಣ್ಣ ಹಚ್ಚಿ ಪಕ್ಕದಲ್ಲಿ ‘ಲಂಡನ್, 1944’ ಅಂತ ಬರೆದಿಟ್ಟ ಮಾದರಿಗಳನ್ನು ನೋಡಿದಾಗ ನನಗೆ ಸ್ವಲ್ಪ ಕಿರಿಕಿರಿ ಆಗುತ್ತದೆ. ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಎರಡು ಬೇರೆ ಬೇರೆ ಕಥೆ ಬೆರಕೆ ಆಗಿದೆ, ಅಲ್ವಾ?

ನಾನು ಆರಿಸಿದ್ದು 1944ರ ಸೆಪ್ಟೆಂಬರ್. ಜಾಗ ನೆದರ್ಲೆಂಡ್ಸ್‌ನ ಹೇಗ್ ಪಕ್ಕದ ವಾಸ್ಸೆನಾರ್. ಸೆಪ್ಟೆಂಬರ್ 8ರಂದು ಲಂಡನ್ನಿನ ಚಿಸ್ವಿಕ್‌ನಲ್ಲಿ ಬಿದ್ದು ಮೂವರನ್ನು ಕೊಂದ ರಾಕೆಟ್ ಹೊರಟಿದ್ದು ಅಲ್ಲಿಂದ. ದೊಡ್ಡ ಕಾಂಕ್ರೀಟ್ ಕಟ್ಟೆಯೇನೂ ಬೇಕಿರಲಿಲ್ಲ. ಮರಗಳ ನಡುವಿನ ಗಟ್ಟಿಯಾದ ರಸ್ತೆ ಸಾಕಿತ್ತು.

ಅಳತೆ 1:72. ಅಸಲಿ ರಾಕೆಟ್ ಸುಮಾರು 14 ಮೀಟರ್ ಎತ್ತರ, ಮಾದರಿ ಹತ್ತೊಂಬತ್ತೂವರೆ ಸೆಂಟಿಮೀಟರ್. 1:35ರಲ್ಲಿ ಅದೇ 40 ಸೆಂಟಿಮೀಟರ್ ಆಗುತ್ತದೆ. ನೋಡಲು ಭರ್ಜರಿ, ಆದರೆ ಕಪಾಟಿನ ಒಂದು ಅಂತಸ್ತೇ ಹೋಗುತ್ತದೆ.

ಈಗ ಮೈ. ಎರಡು ಹೋಳು ಸೇರಿಸುವ ಮೊದಲು ಒಳಗೆ, ಆದಷ್ಟು ಕೆಳಗೆ, ಕಬ್ಬಿಣದ ನಟ್‌ಗಳನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಿದೆ. ಎತ್ತರದ ಸಪೂರ ಮಾದರಿ, ಕೆಳಗೆ ಭಾರ ಇದ್ದಷ್ಟೂ ಒಳ್ಳೆಯದು. ಬಾಲದ ಮಧ್ಯದಿಂದ ಒಂದು ಹಿತ್ತಾಳೆ ಕಡ್ಡಿ ಇಳಿದು ಪೀಠದೊಳಗೆ ಹೋಗುವ ಹಾಗೂ ಮಾಡಿದೆ. ಆಮೇಲೆ ತೆಳು ಅಂಟು ಹರಿಸಿ, ಅದರಿಂದ ಕರಗಿದ ಪ್ಲಾಸ್ಟಿಕ್ ಜೋಡಣೆಯ ಗೆರೆಯುದ್ದಕ್ಕೂ ಸಣ್ಣಗೆ ಉಬ್ಬಿ ಬರುವಷ್ಟು ಒತ್ತಿ ಹಿಡಿದೆ. ಆ ಉಬ್ಬೇ ಒಳ್ಳೆಯ ಪುಟ್ಟಿ. ಪೂರ್ತಿ ಒಣಗುವ ತನಕ ಅದನ್ನು ಮುಟ್ಟಬಾರದು. ಅವಸರದಲ್ಲಿ ಉಜ್ಜಿದರೆ ನಂತರ ಪ್ಲಾಸ್ಟಿಕ್ ಕುಗ್ಗಿ ಗೆರೆಯ ಜಾಗದಲ್ಲಿ ತಗ್ಗು ಬೀಳುತ್ತದೆ.

ಉಜ್ಜಲು 400, 600, 1000 ನಂಬರಿನ ಸ್ಯಾಂಡ್‌ಪೇಪರ್, ನೀರಿನಲ್ಲಿ ಅದ್ದಿ. ಗೆರೆಯ ಉದ್ದಕ್ಕೆ ಉಜ್ಜಿದರೆ ಅಲ್ಲಿ ಮೈ ಚಪ್ಪಟೆ ಆಗುತ್ತದೆ. ಪೇಪರನ್ನು ಪಟ್ಟಿ ಮಾಡಿ ಮೈಗೆ ಸುತ್ತಿ, ಬೂಟು ಒರೆಸುವ ಹಾಗೆ ಅತ್ತಿತ್ತ ಎಳೆದರೆ ಉರುಟು ಉಳಿಯುತ್ತದೆ. ನಂತರ ಬೂದು ಪ್ರೈಮರ್ ಹೊಡೆದು, ದೀಪವನ್ನು ಓರೆಯಾಗಿ ಹಿಡಿದು ತಿರುಗಿಸಿ ನೋಡಬೇಕು. ಬರಿಗಣ್ಣಿಗೆ ಮಾಯವಾದಂತೆ ಕಂಡ ಗೆರೆ ಆಗ ಎದ್ದು ಬರುತ್ತದೆ. ಮತ್ತೆ ಉಜ್ಜು, ಮತ್ತೆ ಪ್ರೈಮರ್. ಈ ಕೆಲಸಕ್ಕೆ ಹೋದಷ್ಟು ಹೊತ್ತು ಉಳಿದ ಯಾವುದಕ್ಕೂ ಹೋಗಲಿಲ್ಲ.

ಉಜ್ಜುವಾಗ ಮೈ ಸುತ್ತಿನ ತಗಡಿನ ಗೆರೆಗಳೂ ಅಳಿಸಿಹೋಗುತ್ತವೆ. ದಪ್ಪ ಲೇಬಲ್ ಟೇಪನ್ನು ಮೈಗೆ ಸುತ್ತಿ, ಅದರ ಅಂಚಿಗೆ ಗೀರುವ ಸೂಜಿ ಹಿಡಿದು ಹಗುರವಾಗಿ ಹಲವು ಸಲ ಎಳೆದು ಅವನ್ನು ಮತ್ತೆ ತಂದೆ. ಅಸಲಿ ರಾಕೆಟ್‌ನ ಹೊರಮೈ ಉಕ್ಕಿನ ತಗಡು, ಅದನ್ನು ಒಳಗಿನ ಪಕ್ಕೆಲುಬುಗಳಿಗೆ ಚುಕ್ಕಿ ಚುಕ್ಕಿಯಾಗಿ ಬೆಸೆದಿದ್ದರು. ಹಾಗಾಗಿ ಮೈ ಕನ್ನಡಿಯಷ್ಟು ನುಣುಪಾಗಿ ಇರಬೇಕಿಲ್ಲ.

ರೆಕ್ಕೆಗಳು ಒಂದಕ್ಕೊಂದು 90 ಡಿಗ್ರಿಯಲ್ಲಿ ನಿಲ್ಲಬೇಕು. ಒಂದು ಸ್ವಲ್ಪ ಓರೆಯಾದರೂ ಮೇಲಿನಿಂದ ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ಗಟ್ಟಿ ರಟ್ಟಿನಲ್ಲಿ ನಡುವೆ ರಂಧ್ರ, ಸುತ್ತ ನಾಲ್ಕು ಸೀಳು ಕೊರೆದು, ಮೈ ಮತ್ತು ರೆಕ್ಕೆಗಳನ್ನು ಅದರಲ್ಲಿ ಕೂರಿಸಿಯೇ ಅಂಟು ಬಿಟ್ಟೆ.

ಬಾಲದ ಕೆಳಗೆ ಬೆಂಕಿ ಹೊರಬರುವ ನಾಜಲ್ ಬಾಯಲ್ಲಿ ನಾಲ್ಕು ಪುಟ್ಟ ಹಲಗೆಗಳಿವೆ. ಬೆಂಕಿಯ ಹರಿವಿನಲ್ಲೇ ನಿಂತು ರಾಕೆಟ್‌ನ ದಿಕ್ಕು ತಿದ್ದುವ ಚುಕ್ಕಾಣಿಗಳವು. ಆ ಬಿಸಿ ತಡೆಯಲೆಂದು ಗ್ರಾಫೈಟ್‌ನಲ್ಲಿ ಮಾಡುತ್ತಿದ್ದರು. ಇದಕ್ಕೆ ಬಣ್ಣದ ಡಬ್ಬಿ ಹುಡುಕಬೇಕಿಲ್ಲ. ಗಾಢ ಬೂದು ಹಚ್ಚಿ, ಮೇಲೆ ಪೆನ್ಸಿಲ್ ಸೀಸದ ಪುಡಿಯನ್ನು ಬೆರಳಲ್ಲಿ ಸವರಿದೆ. ಅದೂ ಗ್ರಾಫೈಟೇ ಅಲ್ವಾ!

ಮೈಗೆ ಹಚ್ಚಿದ್ದು ಮಾಸಲು ಆಲಿವ್ ಹಸಿರು. ಏರ್‌ಬ್ರಷ್‌ನಲ್ಲಿ ತೆಳುವಾಗಿ ಹಲವು ಪದರ ಹೊಡೆದು, ತಗಡುಗಳ ನಡುವೆ ಅದೇ ಹಸಿರಿಗೆ ಚೂರು ಹಳದಿ ಬೆರೆಸಿ ಅಲ್ಲಲ್ಲಿ ತಿಳಿ ಮಾಡಿದೆ. ತುಕ್ಕು ಹಚ್ಚಲಿಲ್ಲ, ನಾಜಲ್‌ಗೆ ಮಸಿಯನ್ನೂ ಹಚ್ಚಲಿಲ್ಲ. ಹೀಗೆ ಹಚ್ಚುವುದು ಮಾದರಿ ಕಟ್ಟುವವರ ಚಟ. ಆದರೆ ಈ ರಾಕೆಟ್ ಹಾರುವುದು ಒಂದೇ ಸಲ. ಇನ್ನೂ ನೆಲದ ಮೇಲೆ ನಿಂತಿರುವುದಕ್ಕೆ ಮಸಿ ಎಲ್ಲಿಂದ ಬರಬೇಕು?

ಮಸಿಯ ಬದಲು ಹಿಮ ಹಾಕಿದೆ. ವಿ-2ರ ಇಂಧನ ನೀರು ಬೆರೆಸಿದ ಆಲ್ಕೋಹಾಲ್, ಅದನ್ನು ಉರಿಸಲು ದ್ರವ ಆಮ್ಲಜನಕ. ಆಲ್ಕೋಹಾಲ್ ಟ್ಯಾಂಕ್ ಮೇಲೆ, ಆಮ್ಲಜನಕದ ಟ್ಯಾಂಕ್ ಕೆಳಗೆ. ಈ ಆಮ್ಲಜನಕ ಮೈನಸ್ 183 ಡಿಗ್ರಿಯಲ್ಲಿ ಕುದಿಯುವಂಥದ್ದು. ಅದನ್ನು ತುಂಬಿದ ಮೇಲೆ ಆ ಭಾಗದ ಹೊರಮೈಗೆ ಗಾಳಿಯ ತೇವ ಅಂಟಿ ಬೆಳ್ಳಗಾಗುತ್ತದೆ. ಆದ್ದರಿಂದ ಹಿಮ ಇರಬೇಕಾದ್ದು ಮೈಯ ನಡುವಿಗಿಂತ ಕೆಳಗೆ, ರೆಕ್ಕೆ ಶುರುವಾಗುವುದಕ್ಕಿಂತ ಮೇಲೆ. ಮೂತಿಯ ತನಕ ಬಿಳಿ ಬಳಿದರೆ ತಪ್ಪಾಗುತ್ತದೆ. ಸ್ಪಾಂಜಿನ ಚೂರಿನಲ್ಲಿ ಹೊಳಪಿಲ್ಲದ ಬಿಳಿ ಬಣ್ಣವನ್ನು ಒಣಒಣದಾಗಿ ತಟ್ಟುತ್ತಾ ಹೋದೆ. ಅಂಚು ನೇರವಾಗದಂತೆ, ಹಸಿರು ಅಲ್ಲಲ್ಲಿ ಇಣುಕುವಂತೆ. ಅಡುಗೆ ಸೋಡಾ ಉದುರಿಸುವವರೂ ಇದ್ದಾರೆ. ಕೆಲವು ವರ್ಷಕ್ಕೆ ಅದು ಹಳದಿಯಾಗುವುದನ್ನು ನೋಡಿದ್ದೇನೆ, ನನಗೆ ಬೇಡ.

ಪೀಠದ ನೆಲಕ್ಕೆ ಪ್ಲೈವುಡ್ ಹಲಗೆ, ಮೇಲೆ ರಸ್ತೆ, ಅಂಚಿನಲ್ಲಿ ಹುಲ್ಲು, ತಂತಿ ತಿರುಚಿ ಮಾಡಿದ ಮರಗಳು. 1:72ರಲ್ಲಿ 15 ಮೀಟರಿನ ಮರ ಸುಮಾರು 21 ಸೆಂಟಿಮೀಟರ್. ಅಂದರೆ ಮರ ರಾಕೆಟ್‌ಗಿಂತ ಎತ್ತರ. ಗಿಡ್ಡ ಮರ ನೆಟ್ಟರೆ ರಾಕೆಟ್ ಅಡಗಿದಂತೆಯೇ ಕಾಣುವುದಿಲ್ಲ. ರಾಕೆಟ್ ಪಕ್ಕದ ಕಂಬದಿಂದ ಮೇಲಿನ ಉಪಕರಣಗಳ ಭಾಗಕ್ಕೆ ವಿದ್ಯುತ್ ಕೇಬಲ್ ಹೋಗುತ್ತದೆ. ಅದಕ್ಕೆ ಸ್ಪ್ರೂ ಕಡ್ಡಿಯನ್ನು (ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಕಡ್ಡಿ) ಮೇಣದಬತ್ತಿಯ ಮೇಲೆ ಬಿಸಿ ಮಾಡಿ, ಎಳೆದು ದಾರ ಮಾಡಿಕೊಂಡೆ.

ರಾಕೆಟನ್ನು ಹೊತ್ತು ತಂದು ನೆಟ್ಟಗೆ ಎತ್ತಿ ನಿಲ್ಲಿಸುವ ಮೈಲರ್‌ವಾಗನ್ ಗಾಡಿಯನ್ನು ಇಡಲಿಲ್ಲ. ಹಾರಿಸುವ ಸ್ವಲ್ಪ ಮೊದಲು ಅದನ್ನು ಎಳೆದುಕೊಂಡು ಹೋಗುತ್ತಿದ್ದರು, ಸೈನಿಕರೂ ದೂರ ಸರಿಯುತ್ತಿದ್ದರು. ಹಿಮ ಹಿಡಿದು ಒಂಟಿಯಾಗಿ ನಿಂತ ಕ್ಷಣ ನನ್ನದು, ಹಾಗಾಗಿ ದೃಶ್ಯದೊಳಗೆ ಯಾರೂ ಇಲ್ಲ. ಆದರೆ ಮನುಷ್ಯ ಇಲ್ಲದಿದ್ದರೆ ಗಾತ್ರ ಗೊತ್ತಾಗುವುದಿಲ್ಲ. ಅದಕ್ಕೆ ರಸ್ತೆಯ ಹೊರಗೆ, ಹಲಗೆಯ ಬರಿ ಅಂಚಿನ ಮೇಲೆ, 24 ಮಿಲಿಮೀಟರಿನ ಒಂದು ಗೊಂಬೆ ನಿಲ್ಲಿಸಿದೆ. ಅದಕ್ಕೆ ಸಮವಸ್ತ್ರ ಇಲ್ಲ, ಇಂದಿನ ಪ್ಯಾಂಟು ಶರ್ಟು. ಎಲ್ಲರೂ ಮೊದಲು ಅದನ್ನೇ ನೋಡುತ್ತಾರೆ, ಆಮೇಲೆ ಕತ್ತೆತ್ತುತ್ತಾರೆ.

ಉಳಿದದ್ದು ಫಲಕ. ಸುಮ್ನೆ ‘ವಿ-2, 1:72’ ಅಂತ ಬರೆದು ಬಿಡಲು ಮನಸ್ಸಾಗಲಿಲ್ಲ. ಬ್ರಿಟನ್ನಿನಲ್ಲಿ ಇದರಿಂದ ಸತ್ತವರು 2,700ಕ್ಕೂ ಜಾಸ್ತಿ. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ 1944ರ ಡಿಸೆಂಬರ್ 16ರಂದು ತುಂಬಿದ್ದ ಒಂದು ಚಿತ್ರಮಂದಿರದ ಮೇಲೆ ಬಿದ್ದು 567 ಜನ ಸತ್ತರು. ಇದನ್ನು ನಾರ್ಡ್‌ಹೌಸೆನ್ ಹತ್ತಿರದ ಸುರಂಗಗಳಲ್ಲಿ ಕಟ್ಟಿದ್ದು ಮಿಟ್ಟೆಲ್‌ಬೌ-ಡೋರಾ ಎಂಬ ನಾಜಿ ಸೆರೆಶಿಬಿರದ ಕೈದಿಗಳು. ಆ ಶಿಬಿರಕ್ಕೂ ಅದರ ಉಪಶಿಬಿರಗಳಿಗೂ ತಂದ ಸುಮಾರು 60,000 ಜನರಲ್ಲಿ ಸುಮಾರು 20,000 ಜನ ಬದುಕಿ ಬರಲಿಲ್ಲ. ಈ ಮೂರೂ ಸಾಲುಗಳನ್ನು ಎತ್ತರ, ತೂಕ, ವೇಗದ ಅಂಕಿಗಳಷ್ಟೇ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಬಾಲಕ್ಕೆ ನಾಜಿಗಳ ಸ್ವಸ್ತಿಕ ಹಾಕಿಲ್ಲವೇ ಅಂತ ಕೆಲವರು ಕೇಳುತ್ತಾರೆ. ಯುದ್ಧಭೂಮಿಯ ರಾಕೆಟ್‌ಗೆ ಅದರ ಅಗತ್ಯವೇ ಇಲ್ಲ.

ಎಲ್ಲದರ ಮೇಲೆ ಅಕ್ರಿಲಿಕ್ ಪೆಟ್ಟಿಗೆ. ಹಿಮದ ಬಿಳಿಯ ಮೇಲೆ ಧೂಳು ಕೂತರೆ ಒರೆಸಲು ಆಗುವುದಿಲ್ಲ, ಬಿಸಿಲು ಬಿದ್ದರೆ ಹಸಿರು ಮಂಕಾಗುತ್ತದೆ. ಹಾಗಾಗಿ ಕಿಟಕಿಯಿಂದ ದೂರದ ಗೋಡೆಗೆ ಇಟ್ಟೆ. ಫಲಕವನ್ನು ಪೆಟ್ಟಿಗೆಯ ಹೊರಮೈಗೆ, ಕಣ್ಣಿನ ಮಟ್ಟಕ್ಕೆ ಅಂಟಿಸಿದ್ದೇನೆ. ಒಳಗೆ ಕೆಳಗಿಟ್ಟರೆ ಬಗ್ಗಿ ಓದುವವರು ಕಡಿಮೆ.