ಅಳತೆ ಬ್ಲೌಸ್ ಬದಿಗಿಡಿ, ಕಾಗದದ ಮೇಲೆ ಸ್ಕರ್ಟ್ ಬರೆಯಿರಿ

ಕಲಬುರಗಿಯ ಯಾವ ಓಣಿಯ ಟೇಲರ್ ಹತ್ತಿರ ಹೋದರೂ ಮೊದಲು ಕೇಳುವುದು ‘ಅಳತೆ ಬ್ಲೌಸ್ ತಂದೀರೇನ್ರಿ?’ ಅಂತ. ಅದನ್ನು ಬಟ್ಟೆ ಮೇಲಿಟ್ಟು, ಚಾಕ್ ಎಳೆದು, ಕತ್ತರಿ ಹಾಕಿಬಿಡುತ್ತಾರೆ. ಆ ಕೈಚಳಕಕ್ಕೆ ನನ್ನ ನಮಸ್ಕಾರ. ಆದರೆ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ ಒಟ್ಟಿಗೇ ಕತ್ತರಿಸುತ್ತಾರೆ. ಕಾಗದದಲ್ಲಿ ಕಾಲು ಇಂಚು ತಪ್ಪಿದರೆ ಅಷ್ಟೂ ಪೀಸು ತಪ್ಪು. 2023ರಲ್ಲಿ ಕೇಂದ್ರ ಸರ್ಕಾರದ ಪಿಎಂ ಮಿತ್ರ ಜವಳಿ ಪಾರ್ಕ್‌ಗೆ ಆಯ್ಕೆಯಾದ 7 ಜಾಗಗಳಲ್ಲಿ ಕಲಬುರಗಿಯೂ ಒಂದು. ಹೊಲಿಗೆ ಬಲ್ಲ ನಮ್ಮ ಹುಡುಗಿಯರು ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಇಡುವ ಕಾಗದದ ಅಚ್ಚು, ತೆಗೆಯುವುದನ್ನೂ ಈಗಲೇ ಕಲಿಯಲಿ ಅಂತ ನನ್ನಾಸೆ.

ಬ್ಲೌಸ್‌ನಿಂದ ಶುರು ಮಾಡಬೇಡಿ, ತೋಳಿನ ಸುತ್ತು ತಲೆ ಕೆಡಿಸುತ್ತದೆ. ನೇರ ಸ್ಕರ್ಟ್ ಸಾಕು. ಖಾಕಿ ಕಾಗದ, ಉದ್ದ ಸ್ಕೇಲು, ಟೇಪು, ಚೂಪು ಪೆನ್ಸಿಲ್, ಹಲ್ಲಿನ ಟ್ರೇಸಿಂಗ್ ಚಕ್ರ ಇರಲಿ.

ಸೊಂಟ 28, ಹಿಪ್ 38 ಇಂಚು ಅಂತಿಟ್ಟುಕೊಳ್ಳಿ. ಹಿಪ್‌ನ ಕಾಲು ಭಾಗ 9½, ಕೂತು ಏಳಲು ಅರ್ಧ ಇಂಚು ಸಡಿಲ, ಒಟ್ಟು 10. ಕಾಗದದ ಮೇಲೆ ಸ್ವಲ್ಪ ಜಾಗ ಬಿಟ್ಟು 10 ಅಗಲ, 24 ಉದ್ದದ ಆಯತ ಎಳೆಯಿರಿ, ಮುಂದಕ್ಕೊಂದು, ಹಿಂದಕ್ಕೊಂದು. ಒಂದು ಉದ್ದ ಗೆರೆ ಸ್ಕರ್ಟಿನ ಮಧ್ಯ, ಇನ್ನೊಂದು ಪಕ್ಕ. ಮೇಲಿನಿಂದ 8 ಇಂಚಿಗೆ ಹಿಪ್ ಗೆರೆ. ಸೊಂಟದ ಕಾಲು ಭಾಗ 7, ಕಾಲು ಇಂಚು ಸಡಿಲ ಸೇರಿ 7¼ ಬೇಕು. ಡಾರ್ಟ್‌ಗೆ, ಅಂದರೆ ಸೊಂಟದಲ್ಲಿ ಹೆಚ್ಚಾದ ಬಟ್ಟೆಯನ್ನು ಮೊನಚಾಗಿ ಮಡಚಿ ಹೊಲಿಯುವ ಮಡಿಕೆಗೆ, 1¼ ಸೇರಿಸಿ ಮಧ್ಯದ ಗೆರೆಯಿಂದ 8½ಕ್ಕೆ ಗುರುತು ಹಾಕಿ. ಆ ಗುರುತನ್ನು ಅರ್ಧ ಇಂಚು ಮೇಲಕ್ಕೆತ್ತಿ, ಅಲ್ಲಿಂದ ಹಿಪ್‌ವರೆಗೆ ಮೆತ್ತಗೆ ಬಾಗಿಸಿ. ಮಧ್ಯದ ಗೆರೆಯಿಂದ ಸೊಂಟದ ಗೆರೆಯನ್ನೂ ಅಲ್ಲಿಗೇ ಬಾಗಿಸಿ ಸೇರಿಸಿ. ಡಾರ್ಟ್ ಮುಂದೆ 4, ಹಿಂದೆ 5½ ಇಂಚು ಉದ್ದ. ಹೊಟ್ಟೆಯ ಉಬ್ಬು ಮೇಲಿದೆ, ಹಿಂಭಾಗದ ಉಬ್ಬು ಕೆಳಗಿದೆ, ಅಲ್ವಾ? ಉಬ್ಬು ಬರುವ ಮೊದಲೇ ಡಾರ್ಟ್ ಮುಗಿಯಬೇಕು.

ಈಗ ಬಹಳ ಜನ ಬಿಟ್ಟುಬಿಡುವ ಕೆಲಸ. ಕಾಗದದ ಡಾರ್ಟನ್ನು ಹೊಲಿದಂತೆಯೇ ಮಡಚಿ, ಮಧ್ಯದ ಕಡೆಗೆ ಮಲಗಿಸಿ. ಸೊಂಟದ ಗೆರೆ ಮೇಲೆ ಚಕ್ರ ಓಡಿಸಿ ಬಿಚ್ಚಿ ನೋಡಿ: ಡಾರ್ಟ್ ನಡುವೆ ಸಣ್ಣ ಗೋಪುರದಂತೆ ಚುಕ್ಕೆಗಳು ಮೂಡಿರುತ್ತವೆ. ಆ ಗೋಪುರ ಇಲ್ಲದಿದ್ದರೆ ಹೊಲಿದ ಮೇಲೆ ಡಾರ್ಟ್ ಹತ್ತಿರ ಬಟ್ಟೆ ಕಡಿಮೆ ಬೀಳುತ್ತದೆ.

ಅಂಚಿಗೆ ಅರ್ಧ ಇಂಚು, ಕೆಳಗೆ 1½ ಇಂಚು ಹೊಲಿಗೆ ಜಾಗ ಬಿಡಿ. ಮುಂದಿನ ಭಾಗದ ಮಧ್ಯದ ಗೆರೆಯನ್ನು ಮಡಚಿದ ಬಟ್ಟೆಯ ಅಂಚಿಗೆ ಇಡುತ್ತೇವೆ, ಅದಕ್ಕೇ ಅಲ್ಲಿ ‘ಮಡಿಕೆ’ ಅಂತ ಬರೆಯಿರಿ, ಹೊಲಿಗೆ ಜಾಗ ಬೇಡ. ಹಿಂದೆ ಜಿಪ್ ಬರುವುದರಿಂದ ಅಲ್ಲಿ ಬೇಕು, ಪೀಸೂ ಎರಡು. ಬಟ್ಟೆಯ ಉದ್ದದ ದಾರ ಯಾವ ಕಡೆ ಹೋಗಬೇಕು ಅಂತ ತೋರಿಸುವ ಬಾಣ ಮರೆಯಲೇಬೇಡಿ. ಬಟ್ಟೆ ಸಾಲದೆ ನಾನೊಮ್ಮೆ ಸ್ವಲ್ಪ ಓರೆಯಾಗಿ ಕತ್ತರಿಸಿದ್ದೆ. ಒಂದೇ ಒಗೆತಕ್ಕೆ ಪಕ್ಕದ ಹೊಲಿಗೆ ತಿರುಚಿ ಮೊಣಕಾಲ ಮುಂದೆ ಬಂತು. ಹಬ್ಬಕ್ಕೆಂದು ಹೊಲಿದದ್ದು, ಅಕ್ಕನ ಮಗಳು ಅದನ್ನು ಮತ್ತೆ ಹಾಕಲೇ ಇಲ್ಲ.

ಮೊದಲು ಕೋರಾ ಬಟ್ಟೆಯಲ್ಲಿ ದೊಡ್ಡ ಹೊಲಿಗೆ ಹಾಕಿ ತೊಡಿಸಿ ನೋಡಿ. ಸೊಂಟದ ಕೆಳಗೆ ಅಡ್ಡ ಸುಕ್ಕು ಬಿದ್ದರೆ ಹಿಪ್ ಬಿಗಿ ಅಂತ ಅರ್ಥ. ಪಕ್ಕದ ಹೊಲಿಗೆ ಬಿಚ್ಚಿ, ಎಷ್ಟು ಬಿಟ್ಟಿರೋ ಅಷ್ಟನ್ನು ಕಾಗದಕ್ಕೂ ಏರಿಸಿ. ಬಟ್ಟೆಯನ್ನಷ್ಟೇ ಸರಿಮಾಡಿ ಸುಮ್ನಾದರೆ ಮುಂದಿನ ಸ್ಕರ್ಟೂ ಬಿಗಿಯೇ.

ಒಂದು ಸೈಜು ಸರಿಯಾದ ಮೇಲೆ ಗ್ರೇಡಿಂಗ್, ಅಂದರೆ ಅದೇ ಪ್ಯಾಟರ್ನನ್ನು ಬೇರೆ ಸೈಜಿಗೆ ಹಿಗ್ಗಿಸುವುದು, ಕುಗ್ಗಿಸುವುದು ಕಲಿಯಿರಿ. ಸುತ್ತಳತೆ 2 ಇಂಚು ಹೆಚ್ಚಿದರೆ ನಿಮ್ಮ ಕಾಲು ಭಾಗದ ಕಾಗದಕ್ಕೆ ಅರ್ಧ ಇಂಚು. ಕ್ರಮವಾಗಿ ಕಲಿಯಬೇಕೆಂದರೆ ಐಟಿಐನಲ್ಲಿ ಡ್ರೆಸ್ ಮೇಕಿಂಗ್, ಸೀವಿಂಗ್ ಟೆಕ್ನಾಲಜಿ ಎಂಬ ಒಂದು ವರ್ಷದ ಟ್ರೇಡುಗಳಿವೆ. ಹತ್ತಿರದ ಐಟಿಐನಲ್ಲಿ ಯಾವುದಿದೆ ಅಂತ ವಿಚಾರಿಸಿ.

ಸರಿಯಾದ ಪ್ಯಾಟರ್ನನ್ನು ದಪ್ಪ ಕಾರ್ಡ್‌ಗೆ ಇಳಿಸಿ, ಸೈಜು, ತಾರೀಖು ಬರೆದು, ತೂತು ಹೊಡೆದು ಗೋಡೆಗೆ ತೂಗು ಹಾಕಿ. ಮಡಚಿಟ್ಟರೆ ಗೆರೆ ಕೆಡುತ್ತದೆ.