ಕಣಿವೆಯ ತೋಟದ ಮನೆಗೆ ಗುಡ್ಡದಿಂದ ನೇರ ರೇಡಿಯೊ ಸಂಪರ್ಕ

ಹೊಸನಗರದ ಕಡೆ ಕಂಬದ ಮೇಲೆ ಎಳೆದ ಫೋನ್ ತಂತಿಗೆ ಮಳೆಗಾಲದಲ್ಲಿ ಆಯುಸ್ಸು ಕಡಿಮೆ. ಒಂದು ಕೊಂಬೆ ಮುರಿದು ಬಿದ್ದರೆ ಸಾಕು, ಸರಿಪಡಿಸುವವರು ಬರುವ ತನಕ ಮನೆ ಮೂಕ. ನಮ್ಮ ತೋಟದ ಮನೆ ಇರುವುದು ಕಣಿವೆಯ ತಳದಲ್ಲಿ, ಮೊಬೈಲ್ ಸಿಗ್ನಲ್ ಇಲ್ಲ. ಅಣ್ಣನ ಮನೆ ಎದುರು ಗುಡ್ಡದ ಮೇಲೆ ರಸ್ತೆಯ ಪಕ್ಕದಲ್ಲಿದೆ, ಅಲ್ಲಿಗೆ ಫೈಬರ್ ಇಂಟರ್ನೆಟ್ ಬಂದಿದೆ. ಎರಡರ ನಡುವೆ ನೇರ ಅಳತೆಯಲ್ಲಿ 2.6 ಕಿ.ಮೀ. ಹಳ್ಳ ಮತ್ತು ಕಾಡು ದಾಟಿಸಿ ಕೇಬಲ್ ಎಳೆಯುವ ಯೋಚನೆಯನ್ನೇ ಬಿಟ್ಟು, ಎರಡೂ ಕಡೆ ಒಂದೊಂದು ಡಿಶ್ ಆಂಟೆನಾ ನಿಲ್ಲಿಸಿ ರೇಡಿಯೊದಿಂದಲೇ ಜೋಡಿಸಿದೆ.

ಇದು ಹೊಸ ಸಾಹಸವೇನೂ ಅಲ್ಲ. ತಮಿಳುನಾಡಿನ ಥೇಣಿಯಲ್ಲಿ ಅರವಿಂದ ಕಣ್ಣಿನ ಆಸ್ಪತ್ರೆಯು ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಸೇರಿ, ಹಳ್ಳಿಗಳ ತಪಾಸಣಾ ಕೇಂದ್ರಗಳನ್ನು ಇದೇ ಬಗೆಯ ದೂರಗಾಮಿ ವೈಫೈ ಮೂಲಕ ವೈದ್ಯರಿಗೆ ಜೋಡಿಸಿ ಬಹಳ ವರ್ಷಗಳಾದವು. 2007ರಲ್ಲಿ ವೆನೆಜುವೆಲಾದ ಎರಡು ಬೆಟ್ಟಗಳ ನಡುವೆ 382 ಕಿ.ಮೀ. ದೂರ ವೈಫೈ ದಾಟಿಸಿದ್ದಾರೆ. ನಮ್ಮಲ್ಲಿ 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 5 ಗಿಗಾಹರ್ಟ್ಸ್‌ನ ಆಸುಪಾಸಿನ 605 ಮೆಗಾಹರ್ಟ್ಸ್ ತರಂಗಾಂತರವನ್ನು ಪರವಾನಗಿಯಿಲ್ಲದೆ ಹೊರಾಂಗಣದಲ್ಲೂ ಬಳಸಬಹುದೆಂದು ಅಧಿಸೂಚನೆ ಹೊರಡಿಸಿದ ಮೇಲೆ ಕಾನೂನಿನ ತೊಡಕೂ ಇಲ್ಲ. ಶಕ್ತಿಯ ಮಿತಿಯನ್ನು ಮಾತ್ರ ಮೀರಬಾರದು.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ದೃಷ್ಟಿರೇಖೆ, ಅಂದರೆ ಎರಡು ಡಿಶ್‌ಗಳ ನಡುವೆ ಅಡ್ಡಿಯಿಲ್ಲದ ನೇರ ನೋಟ. ಮ್ಯಾಪಿನಲ್ಲಿ ಗೆರೆ ಎಳೆದರೆ ನೆಲದ ಏರಿಳಿತ ಗೊತ್ತಾಗುತ್ತದೆ, ಮರಗಳ ಎತ್ತರ ಗೊತ್ತಾಗುವುದಿಲ್ಲ. ಅದಕ್ಕೆ ನಾನು ಕನ್ನಡಿ ಹಿಡಿದೆ. ಬೆಳಗಿನ ಬಿಸಿಲಿನಲ್ಲಿ ಅಣ್ಣ ತಾರಸಿಯ ಮೇಲೆ ನಿಂತು ಗಡ್ಡ ಹೆರೆಯುವ ಕನ್ನಡಿಯನ್ನು ನಮ್ಮ ಕಡೆ ತಿರುಗಿಸಿ ಆಡಿಸುತ್ತಿದ್ದ. ನಾನು ಏಣಿ ಹಿಡಿದು ಹೆಂಚಿನ ಮಾಡಿನ ಒಂದೊಂದು ಮೂಲೆಗೂ ಹೋಗಿ ನೋಡಿದೆ. ಕನ್ನಡಿಯಿಂದ ಹೊರಟ ಬಿಸಿಲು ಅಷ್ಟು ದೂರ ಬರುವಾಗ ಇಪ್ಪತ್ತು ಮೀಟರಿಗೂ ಹೆಚ್ಚು ಅಗಲಕ್ಕೆ ಹರಡಿರುತ್ತದೆ, ಹಾಗಾಗಿ ಕೈ ಸ್ವಲ್ಪ ನಡುಗಿದರೂ ಅಡ್ಡಿಯಿಲ್ಲ. ಅಡುಗೆಮನೆಯ ಕಡೆಯಿಂದ ಬೆಳಕು ಹಲಸಿನ ಮರದ ಎಲೆಗಳ ಸಂದಿನಲ್ಲಿ ಚೂರು ಚೂರಾಗಿ ಕಂಡಿತು. ಕೊಟ್ಟಿಗೆಯ ಮೂಲೆಯಿಂದ ಕಣ್ಣು ಕುಕ್ಕುವಂತೆ ಹೊಳೆಯಿತು. ಕಂಬ ಅಲ್ಲಿಯೇ ನಿಂತಿತು.

ಕಣ್ಣಿಗೆ ಕಂಡರಷ್ಟೇ ಸಾಲದು. ರೇಡಿಯೊ ತರಂಗಕ್ಕೆ ಆ ರೇಖೆಯ ಸುತ್ತಲೂ ಖಾಲಿ ಜಾಗ ಬೇಕು. ಅದಕ್ಕೆ ಫ್ರೆನೆಲ್ ವಲಯ ಎನ್ನುತ್ತಾರೆ. 5.8 ಗಿಗಾಹರ್ಟ್ಸ್‌ನಲ್ಲಿ 2.6 ಕಿ.ಮೀ. ದೂರಕ್ಕೆ ನಟ್ಟನಡುವೆ ಅದರ ತ್ರಿಜ್ಯ ಸುಮಾರು 5.8 ಮೀಟರ್. ಅದರಲ್ಲಿ ಶೇ. 60, ಅಂದರೆ ಮೂರೂವರೆ ಮೀಟರ್ ಆದರೂ ತೆರವಾಗಿರಬೇಕು. ಮಳೆಗೆ ಜನ ವಿನಾಕಾರಣ ಹೆದರುತ್ತಾರೆ. ಈ ತರಂಗಾಂತರದಲ್ಲಿ ಇಷ್ಟು ದೂರಕ್ಕೆ ಆಗುಂಬೆಯ ಮಳೆ ಸುರಿದರೂ ಸಿಗ್ನಲ್ ಕುಸಿಯುವುದಿಲ್ಲ. ಕೆಡಿಸುವುದು ಅಡ್ಡ ಬಂದ ಒದ್ದೆ ಎಲೆಗಳು.

ಗುರಿ ಹೊಂದಿಸುವ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಒಮ್ಮೆಗೆ ಒಂದೇ ಡಿಶ್ ಅಲುಗಬೇಕು, ಇನ್ನೊಂದು ಬಿಗಿಯಾಗಿ ನಿಂತಿರಬೇಕು. ಅಂದಾಜಿನಲ್ಲಿ ತಿರುಗಿಸಿದಾಗಲೇ ಎರಡೂ ಒಂದನ್ನೊಂದು ಹಿಡಿದವು, ಸಿಗ್ನಲ್ −78 ಡಿಬಿಎಂ (ಸಿಗ್ನಲ್ ಬಲದ ಡೆಸಿಬೆಲ್ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು). ಹಿಡಿದದ್ದೇ ಅದೇ ಸಂಪರ್ಕದ ಮೇಲೆ ವಾಟ್ಸಾಪ್ ಕರೆ ಮಾಡಿದೆ. “ಅಣ್ಣಾ, ನೀನು ಮುಟ್ಟಬೇಡ, ನಾನು ಎಡಕ್ಕೆ ತರುತ್ತೇನೆ, ಅಂಕಿ ಹೇಳುತ್ತಾ ಇರು” ಎಂದೆ. “ಎಪ್ಪತ್ತೈದು... ಎಪ್ಪತ್ತೆರಡು... ಮತ್ತೆ ಎಪ್ಪತ್ತಾರು” ಎಂದ ಅವನು, ಮೈನಸ್ ಬಿಟ್ಟು. ಏರಿ ಇಳಿಯಿತೆಂದು ಅಲ್ಲಿಗೇ ನಟ್ಟು ಬಿಗಿಯಬಾರದು. ಡಿಶ್ಶಿಗೆ ಮುಖ್ಯ ಕಿರಣದ ಅಕ್ಕಪಕ್ಕ ಸಣ್ಣ ಕಿರಣಗಳೂ ಇರುತ್ತವೆ, ಅವೂ ಇಂಥ ಸುಳ್ಳು ಶಿಖರ ತೋರಿಸುತ್ತವೆ. ಎಷ್ಟು ಸಿಗಬೇಕೆಂಬುದನ್ನು ಮೊದಲೇ ಲೆಕ್ಕ ಹಾಕಿಟ್ಟಿದ್ದರೆ ಮೋಸ ಹೋಗುವುದಿಲ್ಲ. ಡೆಸಿಬೆಲ್ ಲೆಕ್ಕದಲ್ಲಿ ಹೊರಡುವ ಶಕ್ತಿ 36, ದಾರಿಯಲ್ಲಿ ನಷ್ಟ 116, ಈಚೆಯ ಡಿಶ್ ಕೂಡಿಸುವುದು 23. ಉಳಿಯುವುದು −57. ಇನ್ನೂ ಎಡಕ್ಕೆ ತಂದಾಗ ಅಂಕಿ ಸರಸರನೆ ಏರಿ −60ಕ್ಕೆ ನಿಂತಿತು. ನನ್ನದನ್ನು ಬಿಗಿದು, ಅಣ್ಣನಿಂದಲೂ ಅದೇ ಕೆಲಸ ಮಾಡಿಸಿದೆ.

ಮಲೆನಾಡಿನಲ್ಲಿ ಇದಕ್ಕೆ ನಿಜವಾದ ಶತ್ರು ಮುಂಗಾರಿಗೆ ಮೊದಲಿನ ಸಿಡಿಲು. ಎರಡೂ ಕಂಬಗಳಿಗೆ ಅರ್ತಿಂಗ್ ಕೊಟ್ಟು, ಕೇಬಲ್ ಒಳಬರುವ ಜಾಗದಲ್ಲಿ ಸಿಡಿಲಿನಿಂದ ನುಗ್ಗುವ ವಿದ್ಯುತ್ತನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿದ್ದೇನೆ. ಕೇಬಲ್ಲನ್ನು ಗೋಡೆಯ ತೂತಿಗಿಂತ ಕೆಳಕ್ಕೆ ಬಾಗಿಸಿ ಮೇಲಕ್ಕೆತ್ತಿ ಒಳಗೆ ಬಿಟ್ಟರೆ ನೀರು ಬಾಗಿದಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ. ಗುಡುಗು ಶುರುವಾದರೆ ಅಮ್ಮ ತಾವೇ ಹೋಗಿ ಪ್ಲಗ್ ಕಿತ್ತಿಡುತ್ತಾರೆ. ಎಂಥ ಪ್ರೊಟೆಕ್ಟರ್ ಇದ್ದರೂ ಆ ಅಭ್ಯಾಸ ಬಿಡಬಾರದೆಂದೇ ನನ್ನ ಅಭಿಪ್ರಾಯ.

ಇನ್ನು ಉಳಿದದ್ದು ನಡುವಿನ ಇಳಿಜಾರಿನ ಅಕೇಶಿಯಾ ನೆಡುತೋಪು. ಆ ಮರ ಬೆಳೆಯುವ ವೇಗ ಎಲ್ಲರಿಗೂ ಗೊತ್ತು, ಕಡಿಯುವ ಹಕ್ಕು ನಮಗಿಲ್ಲ. ಅದಕ್ಕಾಗಿ ಕಂಬದ ತುದಿಯಲ್ಲಿ ಇನ್ನೊಂದು ಜಿಐ ಪೈಪ್ ತೊಡಿಸಲು ಜಾಗ ಬಿಟ್ಟಿದ್ದೇನೆ. ಪ್ರತಿ ಮಳೆಗಾಲದ ಕೊನೆಗೆ ಸಿಗ್ನಲ್ ಅಂಕಿ ಬರೆದಿಡುತ್ತೇನೆ. −66ಕ್ಕಿಂತ ಕೆಳಗಿಳಿದ ವರ್ಷ ಪೈಪ್ ಏರಿಸಬೇಕು.