ಕಾದಂಬರಿಯ ಮೊದಲ ಕರಡು ಮುಗಿಯಿತು, ಮುಂದೇನು?

ಮೊದಲ ಕರಡು ಮುಗಿದ ಖುಷಿಯಲ್ಲಿ ಅದನ್ನು ಪ್ರಕಾಶಕರಿಗೆ ಕಳಿಸಬೇಡಿ. ಸ್ಪರ್ಧೆಗೂ ಬೇಡ. ಮೊದಲು ಒಂದು ತಿಂಗಳಾದರೂ ಎತ್ತಿಡಿ, ಆ ಫೈಲ್ ತೆರೆಯಲೇಬೇಡಿ. ಬರೆದ ಮಾತು ಇನ್ನೂ ಕಿವಿಯಲ್ಲೇ ಇರುವಾಗ ತಪ್ಪು ಕಾಣುವುದಿಲ್ಲ.

ತಿಂಗಳ ನಂತರ ಪ್ರಿಂಟ್ ತೆಗೆದು ಓದಿ. ಆಗಲೇ ಬಹಳ ಜನ ಕೈಬಿಡುತ್ತಾರೆ. ಮನಸ್ಸಿನಲ್ಲಿ ಇದ್ದದ್ದು ಹಾಳೆಯ ಮೇಲೆ ಇಲ್ಲ, ನನ್ನಿಂದಾಗದು ಅಂದುಕೊಂಡು ಸುಮ್ಮನಾಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಕಥೆ ಯಾವುದು ಅಂತ ನಿಮಗೆ ತೋರಿಸಿಕೊಡುವುದಷ್ಟೇ ಮೊದಲ ಕರಡಿನ ಕೆಲಸ.

ಅಮೆರಿಕದ ಕಾದಂಬರಿಕಾರ್ತಿ ಹಾರ್ಪರ್ ಲೀ ಅವರನ್ನೇ ನೋಡಿ. 1957ರಲ್ಲಿ ಅವರು ಲಿಪಿನ್‌ಕಾಟ್ ಎಂಬ ಪ್ರಕಾಶನಕ್ಕೆ ಒಂದು ಹಸ್ತಪ್ರತಿ ಕೊಟ್ಟರು. ಅದರಲ್ಲಿ 26 ವರ್ಷದ ಹೆಣ್ಣುಮಗಳೊಬ್ಬಳು ನ್ಯೂಯಾರ್ಕಿನಿಂದ ಅಲಬಾಮಾದ ತನ್ನ ಊರಿಗೆ ಬರುತ್ತಾಳೆ, ನಡುನಡುವೆ ಬಾಲ್ಯದ ನೆನಪುಗಳು ಬರುತ್ತವೆ. ಆ ಬಾಲ್ಯವನ್ನೇ ಕಾದಂಬರಿ ಮಾಡುವ ದಾರಿ ತೋರಿಸಿದವರು ಸಂಪಾದಕಿ ಟೇ ಹೋಹಾಫ್. ಲೀ ಎರಡು ವರ್ಷಕ್ಕೂ ಜಾಸ್ತಿ ಕೂತು ಮತ್ತೆ ಬರೆದರು. ಮೊದಲ ಕರಡಿನಲ್ಲಿ ನಡುವೆ ಸ್ವಲ್ಪದರಲ್ಲೇ ಮುಗಿದುಹೋಗುವ ಒಂದು ಕೋರ್ಟ್ ಕೇಸು ಹೊಸ ಕಾದಂಬರಿಯ ಬೆನ್ನೆಲುಬಾಯಿತು. ಅಲ್ಲಿ ಖುಲಾಸೆಯಾಗಿದ್ದ ಆರೋಪಿಗೆ ಇಲ್ಲಿ ಶಿಕ್ಷೆಯಾಗುತ್ತದೆ. 1960ರಲ್ಲಿ ಬಂದ ಆ ಪುಸ್ತಕವೇ ‘ಟು ಕಿಲ್ ಎ ಮಾಕಿಂಗ್‌ಬರ್ಡ್’, ಮರುವರ್ಷ ಪುಲಿಟ್ಜರ್ ಪ್ರಶಸ್ತಿಯೂ ಬಂತು. ಹಳೆಯ ಕರಡು 2015ರಲ್ಲಿ ‘ಗೋ ಸೆಟ್ ಎ ವಾಚ್‌ಮನ್’ ಎಂದು ಪ್ರಕಟವಾಗಿದೆ. ಎರಡನ್ನೂ ಒಂದರ ಹಿಂದೆ ಒಂದು ಓದಿ. ತಿದ್ದುವುದರ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಹಾಗಾಗಿ ಮೊದಲ ಓದಿನಲ್ಲಿ ಕಾಗುಣಿತ ತಿದ್ದಬೇಡಿ, ವಾಕ್ಯ ಚೆಂದ ಮಾಡಬೇಡಿ. ಎಲ್ಲಿ ಬೇಜಾರಾಯಿತು, ಎಲ್ಲಿ ಓದುತ್ತಾ ಮೈಮರೆತಿರಿ, ಇಷ್ಟನ್ನೇ ಅಂಚಿನಲ್ಲಿ ಗುರುತು ಮಾಡಿ. ಆಮೇಲೆ ಒಂದು ಹಾಳೆಯಲ್ಲಿ ಪ್ರತಿ ಅಧ್ಯಾಯಕ್ಕೆ ಒಂದೇ ಸಾಲು ಬರೆಯಿರಿ: ಯಾರಿಗೆ ಏನು ಬೇಕಿತ್ತು, ಕೊನೆಗೆ ಏನು ಬದಲಾಯಿತು. ಏನೂ ಬದಲಾಗದ ಅಧ್ಯಾಯ ಇದ್ದರೆ ಅದನ್ನು ಪಕ್ಕದ್ದಕ್ಕೆ ಸೇರಿಸಿ, ಇಲ್ಲವೇ ತೆಗೆಯಿರಿ. ತೆಗೆದದ್ದನ್ನು ಬೇರೆ ಫೈಲಿನಲ್ಲಿ ಇಟ್ಟುಕೊಂಡರೆ ಅಷ್ಟು ಸಂಕಟವಾಗುವುದಿಲ್ಲ.

ಈಗ ಹೊಸ ಫೈಲ್ ತೆರೆದು ಎರಡನೆಯ ಕರಡನ್ನು ಮೊದಲಿನಿಂದ ಟೈಪ್ ಮಾಡಿ. ಕಾಪಿ-ಪೇಸ್ಟ್ ಬೇಡ. ಕಷ್ಟ ಅನ್ನಿಸುತ್ತದೆ, ಆದರೆ ಮತ್ತೆ ಟೈಪ್ ಮಾಡಲು ಬೆರಳಿಗೆ ಬೇಸರವಾಗುವ ಪ್ಯಾರಾ ಓದುವವರಿಗೂ ಬೇಸರವೇ ಅಲ್ವಾ? ಅಂಥದ್ದು ತಾನಾಗಿ ಉದುರಿಹೋಗುತ್ತದೆ.

ಮಾತುಕತೆಗೆ ಬೇರೆಯೇ ಒಂದು ಸುತ್ತು ಇಟ್ಟುಕೊಳ್ಳಿ, ಕನ್ನಡದಲ್ಲಂತೂ ಇದು ಬೇಕೇಬೇಕು. ಮೊದಲ ಅಧ್ಯಾಯದಲ್ಲಿ ‘ನಾ ಹೊಂಟೇನಿ’ ಅಂದ ಧಾರವಾಡದ ಅಜ್ಜಿ ಹತ್ತನೆಯದರಲ್ಲಿ ‘ನಾನು ಹೊರಟಿದ್ದೇನೆ’ ಅಂದರೆ ಅಜ್ಜಿಯ ಬದಲು ಲೇಖಕರು ಮಾತಾಡಿದಂತಾಗುತ್ತದೆ. ಒಂದೊಂದು ಪಾತ್ರದ ಮಾತನ್ನು ಮಾತ್ರ ಆರಿಸಿಕೊಂಡು, ಶುರುವಿನಿಂದ ಕೊನೆಯವರೆಗೆ ಜೋರಾಗಿ ಓದಿದರೆ ಇದು ಸಿಕ್ಕಿಬೀಳುತ್ತದೆ. ಯಾರು ಯಾರಿಗೆ ‘ನೀನು’, ಯಾರು ಯಾರಿಗೆ ‘ನೀವು’ ಎಂಬ ಪಟ್ಟಿಯನ್ನೂ ಮಾಡಿಕೊಳ್ಳಿ. ಸೊಸೆ ಅತ್ತೆಗೆ ವರ್ಷಗಟ್ಟಲೆ ‘ನೀವು’ ಅನ್ನುತ್ತಿದ್ದು ಒಂದು ದಿನ ‘ನೀನು’ ಅಂದರೆ ಅದೊಂದು ದೊಡ್ಡ ಸನ್ನಿವೇಶ, ಕೈತಪ್ಪಿನಿಂದ ಆಗಬಾರದು. ನಿರೂಪಕನಿಗೂ ಇದೇ ಪ್ರಶ್ನೆ ಇದೆ. ಜಮೀನ್ದಾರರು ‘ಬಂದರು’, ಆಳು ‘ಬಂದ’ ಅಂತ ಬರೆದಾಗ ನೀವು ಒಂದು ಪಕ್ಷ ಹಿಡಿದಿರುತ್ತೀರಿ, ಅದನ್ನು ಯೋಚಿಸಿಯೇ ಹಿಡಿಯಿರಿ.

ವಾಕ್ಯಗಳನ್ನು ತಿದ್ದುವುದು ಇದೆಲ್ಲ ಆದಮೇಲೆ. ‘ಎದ್ದು, ಹೋಗಿ, ನೋಡಿ, ಬಂದು, ಕೂತು’ ಎಂದು ಉದ್ದವಾಗುವ ಸಾಲುಗಳನ್ನು ಮುರಿಯಿರಿ. ‘ಅವಳಿಗೆ ತುಂಬಾ ದುಃಖವಾಯಿತು’ ಎಂದು ಇರುವಲ್ಲಿ ಅವಳು ಏನು ಮಾಡಿದಳು ಅಂತ ಬರೆಯಿರಿ. ಹಳೆಯ ‘ನುಡಿ’ ತಂತ್ರಾಂಶದ ಫೈಲನ್ನು ಯೂನಿಕೋಡ್‌ಗೆ ಬದಲಿಸಿದ್ದರೆ ಅಕ್ಷರ ಕೆಟ್ಟಿರಬಹುದು, ಕಣ್ಣಾಡಿಸಿ.

ನಂತರ ಇಬ್ಬರು ಮೂವರಿಗೆ ಓದಲು ಕೊಡಿ. ಚೆನ್ನಾಗಿದೆಯಾ ಅಂತ ಕೇಳಬೇಡಿ. ಎಲ್ಲಿ ಓದು ನಿಲ್ಲಿಸಿ ಪಕ್ಕಕ್ಕಿಟ್ಟಿರಿ, ಯಾವ ಪಾತ್ರ ನೆನಪಿಗೇ ಬರುತ್ತಿಲ್ಲ ಅಂತ ಕೇಳಿ. ಇಬ್ಬರು ಒಂದೇ ಕಡೆ ನಿಲ್ಲಿಸಿದ್ದರೆ ಅಲ್ಲಿ ಏನೋ ಕೆಟ್ಟಿದೆ ಎಂಬುದನ್ನು ನಂಬಿ. ಅದಕ್ಕೆ ಅವರು ಹೇಳುವ ಪರಿಹಾರವನ್ನು ಒಪ್ಪಲೇಬೇಕು ಅಂತೇನಿಲ್ಲ.

ಇಷ್ಟಕ್ಕೆಲ್ಲ ಸಮಯ ಎಲ್ಲಿದೆ ಅನ್ನುವವರಿಗೆ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರೋಲೋಪ್ ಅವರ ದಿನಚರಿ ಹೇಳಬೇಕು. ಅಂಚೆ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ರಾಶಿ ಕಾದಂಬರಿ ಬರೆದವರು ಅವರು. ಬೆಳಿಗ್ಗೆ 5.30ಕ್ಕೆ ಮೇಜಿನ ಮುಂದೆ ಇರುತ್ತಿದ್ದರು. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದುವುದು, ಆಮೇಲೆ ಗಡಿಯಾರ ಎದುರಿಗಿಟ್ಟುಕೊಂಡು ಪ್ರತಿ ಕಾಲು ಗಂಟೆಗೆ 250 ಪದ. ಅಷ್ಟು ವೇಗ ನಮಗೆ ಬೇಡ. ಆ ಅರ್ಧ ಗಂಟೆಯ ಓದನ್ನು ಮಾತ್ರ ಖಂಡಿತ ಕಲಿಯಿರಿ, ಬಿಟ್ಟ ಕಡೆಯಿಂದ ಕೈ ತಾನೇ ಮುಂದುವರಿಯುತ್ತದೆ. ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ ಇನ್ನೊಂದು ಉಪಾಯ ಹೇಳಿದ್ದಾರೆ: ಮುಂದೆ ಏನಾಗುತ್ತದೆ ಅಂತ ಗೊತ್ತಿರುವಾಗಲೇ ಆ ದಿನದ ಬರವಣಿಗೆ ನಿಲ್ಲಿಸಬೇಕು. ತಮ್ಮ ಕಾದಂಬರಿ ‘ಎ ಫೇರ್‌ವೆಲ್ ಟು ಆರ್ಮ್ಸ್’ನ ಕೊನೆಯ ಪುಟವನ್ನು 39 ಸಲ ಬರೆದೆ ಎಂದು 1958ರ ಸಂದರ್ಶನದಲ್ಲಿ ಹೇಳಿದವರೂ ಅವರೇ.

ಹಾಗಂತ ತಿದ್ದುತ್ತಲೇ ಇರಬಾರದು. ನಿನ್ನೆ ತೆಗೆದ ಪದವನ್ನು ಇವತ್ತು ಮತ್ತೆ ಅಲ್ಲೇ ಹಾಕುತ್ತಿದ್ದೀರಿ ಅಂದರೆ ಕಾದಂಬರಿ ಕಳಿಸುವ ಹೊತ್ತಾಯಿತು. ಕಳಿಸಿದ ಮೇಲೆ ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು. ದಿನಾ ಇಮೇಲ್ ನೋಡುತ್ತಾ ಕೂರುವ ಬದಲು ಅದೇ ಹೊತ್ತಿಗೆ, ಅದೇ ಮೇಜಿನಲ್ಲಿ ಮುಂದಿನ ಕಾದಂಬರಿ ಶುರು ಮಾಡಿ.